ಮನೆತನ ಅಳಿದರೂ ಉಳಿದ ನಿಧಿ

ಇಟಲಿಯ ಫ್ಲಾರೆನ್ಸ್ ನಗರದಲ್ಲಿ 1397ರಲ್ಲಿ ಬ್ಯಾಂಕು ಸ್ಥಾಪಿಸಿದ ಮೆಡಿಚಿ ಮನೆತನವು ತಲೆತಲಾಂತರದಿಂದ ಚಿತ್ರ, ಶಿಲ್ಪ, ಹಸ್ತಪ್ರತಿಗಳನ್ನು ಸಂಗ್ರಹಿಸಿತು. 1494ರಲ್ಲಿ ಮನೆತನವು ಗಡೀಪಾರಾದಾಗ ಬ್ಯಾಂಕು ಮುಚ್ಚಿತು, ಸಂಗ್ರಹವೂ ಚದುರಿತು. ಮುಂದೆ ಅರಸೊತ್ತಿಗೆಗೇರಿದ ವಂಶಜರು ಅದನ್ನು ಮತ್ತೆ ಬೆಳೆಸಿದರು. 1737ರಲ್ಲಿ ಕೊನೆಯ ದೊರೆ ಜಿಯಾನ್ ಗಾಸ್ತೋನೆ ಸಂತಾನವಿಲ್ಲದೆ ತೀರಿಕೊಂಡಾಗ ರಾಜ್ಯವು ಲೊರೇನ್ ವಂಶದ ಪಾಲಾಯಿತು. ಸಂಗ್ರಹವು ಅಕ್ಕ ಅನ್ನಾ ಮರಿಯಾ ಲೂಯಿಸಾಳಿಗೆ ಬಂದಿತು. ಮಕ್ಕಳಿಲ್ಲದ ಆಕೆ ಅದೇ ವರ್ಷ ಒಪ್ಪಂದ ಮಾಡಿಕೊಂಡು, ಸಮಸ್ತವನ್ನೂ ಹೊಸ ಅರಸರಿಗೆ ಒಪ್ಪಿಸಿದಳು. ಆದರೆ ಜನೋಪಯೋಗಕ್ಕಾಗಿರುವ ಈ ವಸ್ತುಗಳಲ್ಲಿ ಒಂದನ್ನೂ ರಾಜ್ಯದಿಂದ ಹೊರಗೆ ಸಾಗಿಸಕೂಡದೆಂದು ನಿಬಂಧನೆ ವಿಧಿಸಿದಳು. 1743ರಲ್ಲಿ ಆಕೆ ನಿಧನಳಾದಳು. 1769ರಲ್ಲಿ ಉಫಿಜಿ ಚಿತ್ರಶಾಲೆಯು ಸಾರ್ವಜನಿಕರಿಗೆ ತೆರೆಯಿತು.

ದಾನವಿತ್ತರಷ್ಟೇ ಸಾಲದು, ಕೊಟ್ಟದ್ದು ಚದುರದಂತೆ ನಿಬಂಧನೆಯನ್ನು ಬರೆದಿಡುವುದೂ ದಾನಿಯ ಹೊಣೆ. ಹಿರಿಯರ ಸಂಗ್ರಹವನ್ನು ಕಾಯುತ್ತಿರುವ ಮನೆತನಗಳು ಇದನ್ನು ಮನಗಾಣಬೇಕು.