ಸಮವಸ್ತ್ರ ಕಳಚಿದ ಹತ್ತು ಮಂದಿ ಲೆಕ್ಕಿಗರು

ಸೈನ್ಯದಿಂದ ಬಿಡುಗಡೆಯಾಗಿ ಬಂದವರು ಕಾರ್ಖಾನೆ ಸೇರುವುದು ನಮ್ಮವರಿಗೆ ಹೊಸ ಸಂಗತಿಯೇನಲ್ಲ. ವಾಯುಪಡೆಯಲ್ಲಿ ಹದಿನೈದು ವರ್ಷ ಎಂಜಿನ್ ಬಿಚ್ಚಿ ಜೋಡಿಸಿದವರು ಬೆಂಗಳೂರಿನ ಎಚ್.ಎ.ಎಲ್. ಸೇರಿದ್ದನ್ನೂ, ಸಿಗ್ನಲ್ಸ್ ವಿಭಾಗದವರು ಬಿ.ಇ.ಎಲ್. ಸೇರಿದ್ದನ್ನೂ ನಾವು ಬಲ್ಲೆವು. ಕೈಯಲ್ಲಿ ಕಸುಬಿದ್ದವರಿಗೆ ದಾರಿ ಹೇಗೋ ತೆರೆದುಕೊಳ್ಳುತ್ತದೆ. ಆದರೆ ಸೈನ್ಯದಲ್ಲಿದ್ದಾಗ ಬಂದೂಕು ಹಿಡಿಯದೆ, ಎಂಜಿನ್ನನ್ನೂ ಮುಟ್ಟದೆ, ಬರಿಯ ಲೆಕ್ಕ ಬರೆದವರು ಕಾರ್ಖಾನೆಗೆ ಹೋದರೆ ಏನಾದೀತು? ಕಡತಗಳ ನಡುವೆಯೇ ಆಯುಷ್ಯ ಸವೆಸುವ ನಮ್ಮಂಥ ಗುಮಾಸ್ತರಿಗೆ ಈ ಪ್ರಶ್ನೆಯಲ್ಲಿ ತುಸು ಸ್ವಂತದ ಕುತೂಹಲವೂ ಉಂಟು. ಎರಡನೆಯ ಮಹಾಯುದ್ಧ ಮುಗಿದೊಡನೆ ಅಮೆರಿಕದ ಫೋರ್ಡ್ ಮೋಟಾರು ಕಂಪನಿಯನ್ನು ಒಟ್ಟಿಗೇ ಹೋಗಿ ಸೇರಿದ ಹತ್ತು ಮಂದಿ ಸೈನ್ಯಾಧಿಕಾರಿಗಳ ವೃತ್ತಾಂತ ಇದಕ್ಕೆ ಉತ್ತರ ಕೊಡುತ್ತದೆ.

1942ರಲ್ಲಿ ಅಮೆರಿಕದ ಸೈನ್ಯದ ವಾಯುದಳ ಎಷ್ಟು ವೇಗವಾಗಿ ಬೆಳೆಯುತ್ತಿತ್ತೆಂದರೆ, ಯಾವ ನೆಲೆಯಲ್ಲಿ ಎಷ್ಟು ವಿಮಾನಗಳಿವೆ, ಅವುಗಳಲ್ಲಿ ಹಾರಬಲ್ಲವು ಎಷ್ಟು, ಬಿಡಿಭಾಗಗಳು ಎಲ್ಲಿ ಬಿದ್ದಿವೆ ಎಂಬುದು ರಾಜಧಾನಿಯಲ್ಲಿ ಕುಳಿತವರಿಗೆ ಸರಿಯಾಗಿ ತಿಳಿಯುತ್ತಿರಲಿಲ್ಲ. ಯುದ್ಧ ಇಲಾಖೆಯಲ್ಲಿ ವಾಯುದಳದ ಹೊಣೆ ಹೊತ್ತಿದ್ದ ರಾಬರ್ಟ್ ಲವೆಟ್ ಅವರು ಈ ಗೊಂದಲ ತೀರಿಸಲು ಟೆಕ್ಸಾಸಿನ ಚಾರ್ಲ್ಸ್ ಥಾರ್ನ್‌ಟನ್ ಎಂಬ ತರುಣನನ್ನು ಆರಿಸಿದರು. ಹೀಗೆ ಹುಟ್ಟಿದ್ದು ‘ಸ್ಟ್ಯಾಟಿಸ್ಟಿಕಲ್ ಕಂಟ್ರೋಲ್’ ಎಂಬ ವಿಭಾಗ. ಅದಕ್ಕೆ ಬೇಕಾದ ಅಧಿಕಾರಿಗಳನ್ನು ಹಾರ್ವರ್ಡ್ ವಿಶ್ವವಿದ್ಯಾಲಯದ ವಾಣಿಜ್ಯ ಶಾಲೆಯಲ್ಲಿ ತರಬೇತಿಗೊಳಿಸಿದರು. ಅಲ್ಲಿ ಪಾಠ ಹೇಳುತ್ತಿದ್ದ ರಾಬರ್ಟ್ ಮ್ಯಾಕ್ನಮಾರ ಎಂಬ ಲೆಕ್ಕಶಾಸ್ತ್ರದ ಅಧ್ಯಾಪಕರು 1943ರಲ್ಲಿ ತಾವೇ ಸಮವಸ್ತ್ರ ತೊಟ್ಟರು.

ಈ ಕಥೆಗೆ ನಮ್ಮ ದೇಶದ ನೆಲವೂ ಸಾಕ್ಷಿಯಾಗಿದೆ. 1944ರಲ್ಲಿ ಖರಗ್‌ಪುರವನ್ನು ಕೇಂದ್ರ ಮಾಡಿಕೊಂಡಿದ್ದ ಬಿ-29 ಬಾಂಬರುಗಳ ಪಡೆಯೊಂದಿಗೆ ಮ್ಯಾಕ್ನಮಾರ ಭಾರತಕ್ಕೆ ಬಂದಿದ್ದರು. ಆ ವಿಮಾನಗಳು ಹಿಮಾಲಯ ದಾಟಿ ಚೀನಾದ ಚೆಂಗ್ಡು ನೆಲೆಗಳಿಗೆ ಪೆಟ್ರೋಲು ಹೊತ್ತು ಹಾಕಿ, ಅಲ್ಲಿಂದ ಜಪಾನಿನ ಮೇಲೆ ದಾಳಿ ನಡೆಸಬೇಕಾಗಿತ್ತು. ಒಂದು ದಾಳಿಗೆ ಬೇಕಾದಷ್ಟು ಇಂಧನ ಸೇರಿಸಲು ಹಲವು ಸಲ ಪರ್ವತ ದಾಟಬೇಕು. ದಾಟುವುದರಲ್ಲೇ ಇಂಧನದ ದೊಡ್ಡ ಪಾಲು ಉರಿದುಹೋಗುವುದು. ಈ ಏರ್ಪಾಡು ಎಷ್ಟು ದುಬಾರಿಯೆಂಬುದನ್ನು ಅಂಕಿಗಳು ಎತ್ತಿ ತೋರಿಸಿದವು. ಅದೇ ಕಾಲದಲ್ಲಿ, ಅಂದರೆ 1943ರಿಂದ, ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯೂ ಅಮೆರಿಕದ ವಾಯುದಳದ ದುರಸ್ತಿ ಕೇಂದ್ರವಾಗಿತ್ತು. ಕೊನೆಗೆ ಬಾಂಬರುಗಳು ಪೆಸಿಫಿಕ್ ಸಾಗರದ ದ್ವೀಪಗಳಿಗೆ ನೆಲೆ ಬದಲಿಸಿದವು. 1945ರ ಮಾರ್ಚ್ 9-10ರ ರಾತ್ರಿ ಟೋಕಿಯೋ ನಗರದಲ್ಲಿ ಸುಮಾರು ಒಂದು ಲಕ್ಷ ಜನ ಸುಟ್ಟು ಸತ್ತರು. ಲೆಕ್ಕಿಗನ ಪಟ್ಟಿಯಲ್ಲಿ ಅದೂ ಕಾರ್ಯದಕ್ಷತೆಯ ಒಂದು ಅಂಕಿ. ವಾಚಕರು ಇದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ಯುದ್ಧ ಮುಗಿಯಿತು. ಸಮವಸ್ತ್ರದಲ್ಲಿದ್ದ ಸುಮಾರು 1 ಕೋಟಿ 20 ಲಕ್ಷ ಅಮೆರಿಕನ್ನರು ಕೆಲಸ ಹುಡುಕಬೇಕಾಯಿತು. ಆಗ ಥಾರ್ನ್‌ಟನ್ನರಿಗೆ ಹೊಳೆದ ಯುಕ್ತಿ ವಿಚಿತ್ರವಾದದ್ದು. ಒಬ್ಬೊಬ್ಬರೇ ಅರ್ಜಿ ಹಿಡಿದು ಅಲೆಯುವ ಬದಲು ಇಡೀ ತಂಡವನ್ನೇ ಯಾವುದಾದರೊಂದು ದೊಡ್ಡ ಉದ್ಯಮಕ್ಕೆ ಒಪ್ಪಿಸಿಬಿಡುವುದು! ಅವರು ಫೋರ್ಡ್ ಕಂಪನಿಯ ಯಜಮಾನರಿಗೆ ತಂತಿ ಕಳುಹಿಸಿದರು. ಮ್ಯಾಕ್ನಮಾರರಿಗೆ ಹಾರ್ವರ್ಡಿಗೆ ಮರಳುವ ಮನಸ್ಸಿತ್ತು. ಆದರೆ 1945ರಲ್ಲಿ ಪತಿ ಪತ್ನಿ ಇಬ್ಬರಿಗೂ ಪೋಲಿಯೋ ತಗುಲಿ, ಆಸ್ಪತ್ರೆಯ ಬಿಲ್ಲು ಅಧ್ಯಾಪಕರ ಸಂಬಳಕ್ಕೆ ಎಟುಕದಷ್ಟು ಬೆಳೆದಿತ್ತು. ಸಂಸಾರದ ಖರ್ಚು ಮನುಷ್ಯನನ್ನು ಎಲ್ಲೆಲ್ಲಿಗೆ ಒಯ್ಯುತ್ತದೆಂಬುದನ್ನು ಊರು ಬಿಟ್ಟು ಬಂದ ನಮಗೆ ಯಾರೂ ವಿವರಿಸಬೇಕಾಗಿಲ್ಲ.

ತಂತಿ ಪಡೆದ ಎರಡನೆಯ ಹೆನ್ರಿ ಫೋರ್ಡ್ ಕೂಡ ಸಮವಸ್ತ್ರ ಕಳಚಿ ಬಂದವರೇ. 1943ರಲ್ಲಿ ತಂದೆ ಎಡ್ಸೆಲ್ ತೀರಿಕೊಂಡಾಗ, ಕಾರ್ಖಾನೆ ನೋಡಿಕೊಳ್ಳಲೆಂದು ಅವರನ್ನು ನೌಕಾದಳದಿಂದ ಬಿಡುಗಡೆ ಮಾಡಲಾಗಿತ್ತು. 1945ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷರಾದಾಗ ಅವರ ವಯಸ್ಸು 28. ಕೈಗೆ ಬಂದದ್ದು ಹೆಸರಿಗೆ ದೊಡ್ಡ ಸಂಸ್ಥೆ. ಒಳಗೆ ಲೆಕ್ಕವೇ ಇಲ್ಲ. ತಾತ ಹೆನ್ರಿ ಫೋರ್ಡರಿಗೆ ಲೆಕ್ಕಿಗರೆಂದರೆ ಆಗುತ್ತಿರಲಿಲ್ಲ. ಷೇರುಗಳೆಲ್ಲ ಮನೆಯವರ ಹಿಡಿತದಲ್ಲೇ ಇದ್ದುದರಿಂದ (1956ರವರೆಗೆ ಅವು ಪೇಟೆಗೆ ಬರಲಿಲ್ಲ) ಹೊರಗಿನವರು ಕೇಳುವ ಹಾಗೂ ಇರಲಿಲ್ಲ. ಒಂದು ವಿಭಾಗದಲ್ಲಿ ಸಲ್ಲಿಸಬೇಕಾದ ಬಿಲ್ಲುಗಳನ್ನು ತಕ್ಕಡಿಯಲ್ಲಿ ತೂಗಿ ಮೊತ್ತ ಅಂದಾಜು ಮಾಡುತ್ತಿದ್ದರೆಂಬ ಕಥೆ ಇಂದಿಗೂ ಚಾಲ್ತಿಯಲ್ಲಿದೆ. ತಿಂಗಳಿಗೆ ಸುಮಾರು ಒಂದು ಕೋಟಿ ಡಾಲರು ನಷ್ಟವೆಂದು ಹೇಳುತ್ತಿದ್ದರು.

1946ರ ಆರಂಭದಲ್ಲಿ ಹತ್ತು ಮಂದಿ ಕೆಲಸಕ್ಕೆ ಹಾಜರಾದರು. ಬಹುತೇಕ ಎಲ್ಲರೂ ಮೂವತ್ತರ ಆಸುಪಾಸಿನವರು. ಮೋಟಾರು ಕಾರು ಮಾಡುವ ವಿದ್ಯೆ ಒಬ್ಬರಿಗೂ ತಿಳಿಯದು. ಮೊದಲ ಕೆಲವು ತಿಂಗಳು ಅವರು ವಿಭಾಗದಿಂದ ವಿಭಾಗಕ್ಕೆ ಸುತ್ತಿ ಪ್ರಶ್ನೆ ಕೇಳಿದ್ದೇ ಕೇಳಿದ್ದು. ಈ ಭಾಗಕ್ಕೆ ಎಷ್ಟು ಖರ್ಚಾಗುತ್ತದೆ? ಯಾರಿಗೆ ಗೊತ್ತು? ಗೊತ್ತಿಲ್ಲದಿದ್ದರೆ ಬೆಲೆ ನಿಗದಿ ಮಾಡುವುದು ಹೇಗೆ? ಆಗ ರೇಡಿಯೋದಲ್ಲಿ ಜನಪ್ರಿಯವಾಗಿದ್ದ ಮಕ್ಕಳ ಕಾರ್ಯಕ್ರಮದ ಹೆಸರಿನಿಂದ ಹಳಬರು ಅವರನ್ನು ‘ಕ್ವಿಜ್ ಕಿಡ್ಸ್’ ಎಂದು ಹಾಸ್ಯ ಮಾಡಿದರು. ಮುಂದೆ ಅದೇ ‘ವಿಜ್ ಕಿಡ್ಸ್’ ಎಂಬ ಬಿರುದಾಯಿತು. ಅವರು ಸೈನ್ಯದಿಂದ ತಂದ ನಿಜವಾದ ಬಂಡವಾಳ ಈ ಪ್ರಶ್ನೆಗಳೇ ಎಂದು ನಮಗೆ ತೋರುತ್ತದೆ.

ಅದೇ ವರ್ಷ ಕಂಪನಿಗೆ ಬಂದ ಅನುಭವಿ ಅರ್ನೆಸ್ಟ್ ಬ್ರೀಚ್ ಅವರ ಕೈಕೆಳಗೆ ಪ್ರತಿ ವಿಭಾಗದ ಖರ್ಚು ವರಮಾನ ಬೇರೆ ಬೇರೆಯಾಗಿ ಕಾಣುವಂತೆ ಪುಸ್ತಕಗಳನ್ನು ಹೊಸದಾಗಿ ಕಟ್ಟಲಾಯಿತು. 1948ರ ಜೂನಿನಲ್ಲಿ ಹೊರಬಂದ ಹೊಸ ಮಾದರಿಯ ಕಾರು ಕಂಪನಿಯನ್ನು ಎತ್ತಿ ನಿಲ್ಲಿಸಿತು. ಥಾರ್ನ್‌ಟನ್ ಆ ವರ್ಷವೇ ಹೊರನಡೆದು, 1953ರಲ್ಲಿ ಲಿಟನ್ ಇಂಡಸ್ಟ್ರೀಸ್ ಕಟ್ಟಿದರು. ಎಡ್ ಲಂಡಿ ದೀರ್ಘಕಾಲ ಫೋರ್ಡಿನ ಹಣಕಾಸು ನೋಡಿಕೊಂಡರು. ಮ್ಯಾಕ್ನಮಾರ 1960ರ ನವೆಂಬರಿನಲ್ಲಿ ಅಧ್ಯಕ್ಷರಾದರು. ಫೋರ್ಡ್ ಮನೆತನದ ಹೊರಗಿನವರೊಬ್ಬರು ಬಹುಕಾಲದ ಮೇಲೆ ಆ ಕುರ್ಚಿ ಏರಿದ್ದರು. ಆರ್ಜೆ ಮಿಲ್ಲರ್ 1963ರಲ್ಲಿ ಅದೇ ಹುದ್ದೆಗೇರಿ, ಆಮೇಲೆ ಸ್ಟ್ಯಾನ್‌ಫರ್ಡ್ ವಾಣಿಜ್ಯ ಶಾಲೆಯ ಮುಖ್ಯಸ್ಥರಾಗಿ, 2017ರಲ್ಲಿ 101ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಇಷ್ಟಕ್ಕೇ ನಿಲ್ಲಿಸಿದರೆ ಇದೊಂದು ಯಶೋಗಾಥೆ. ಆದರೆ ಲೆಕ್ಕದ ಕಣ್ಣಿಗೆ ಬೀಳದ್ದೂ ಜಗತ್ತಿನಲ್ಲಿ ಬೇಕಾದಷ್ಟಿದೆ. ಹೊಸ ಕಾರುಗಳು ಉದ್ದವಾಗಿ, ಹಳೆಯ ಕಾರ್ಖಾನೆಗಳ ಬಣ್ಣ ಒಣಗಿಸುವ ಒಲೆಗಳಲ್ಲಿ ಹಿಡಿಸದಾದಾಗ, ಚಾಸಿಯನ್ನು ಎರಡು ತುಂಡು ಮಾಡಿ ಒಣಗಿಸಿ ಮತ್ತೆ ಬೆಸೆಯಬಾರದೇಕೆ ಎಂದು ಮ್ಯಾಕ್ನಮಾರ ಕೇಳಿದರಂತೆ. ಕಾಗದದ ಮೇಲೆ ಹಣ ಉಳಿಯುತ್ತದೆ. ಚಾಸಿ ಗಟ್ಟಿಯಾಗಿ ಉಳಿಯಬೇಕಲ್ಲ ಎಂಬುದು ಕಮ್ಮಾರನಿಗೆ ಗೊತ್ತು. ಈ ಹತ್ತರಲ್ಲೇ ಒಬ್ಬರಾದ ಜ್ಯಾಕ್ ರೀತ್ ಬೆಂಬಲಿಸಿದ ವಿಸ್ತರಣೆಯ ಯೋಜನೆಯ ಫಲವಾದ ‘ಎಡ್ಸೆಲ್’ ಕಾರು 1957ರಲ್ಲಿ ಬಂದು, ಸುಮಾರು 25 ಕೋಟಿ ಡಾಲರು ನುಂಗಿ, 1959ರಲ್ಲಿ ನಿಂತಿತು. ಅದಕ್ಕೆ ತದ್ವಿರುದ್ಧವಾಗಿ ಮ್ಯಾಕ್ನಮಾರರ ಅಗ್ಗದ ಸಣ್ಣ ಕಾರು ‘ಫಾಲ್ಕನ್’ ಮೊದಲ ವರ್ಷವೇ ನಾಲ್ಕು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು.

ಕಾರ್ಖಾನೆಯಲ್ಲಿ ಲೆಕ್ಕ ತಪ್ಪಿದರೆ ಹಣ ಹೋಗುತ್ತದೆ. 1961ರಲ್ಲಿ ಕೆನೆಡಿಯವರ ಕರೆಗೆ ಓಗೊಟ್ಟು ಮ್ಯಾಕ್ನಮಾರ ರಕ್ಷಣಾ ಮಂತ್ರಿಯಾದಾಗ ಅದೇ ವಿದ್ಯೆ ಮರಳಿ ಯುದ್ಧರಂಗ ಸೇರಿತು. ವಿಯೆಟ್ನಾಮಿನಲ್ಲಿ ಗೆಲುವನ್ನು ಅಳೆಯಲು ಸತ್ತ ಶತ್ರುಗಳ ಹೆಣ ಎಣಿಸಿದರು. ಅಂಕಿಗಳು ಏರುತ್ತಲೇ ಇದ್ದವು; ಗೆಲುವು ಬರಲಿಲ್ಲ. ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎಂದು ನಮ್ಮಲ್ಲಿ ಮಕ್ಕಳು ಹೇಳುವುದುಂಟು. ತನ್ನ ನೆಲ ಬಿಡೆನೆಂಬ ಒಬ್ಬ ರೈತನ ಹಟ ಆ ಆಟದಲ್ಲಿ ಇತ್ತು, ಲೆಕ್ಕದಲ್ಲಿ ಇರಲಿಲ್ಲ. ತಾವು ತಪ್ಪಿದೆವೆಂದು ಮ್ಯಾಕ್ನಮಾರ 1995ರಲ್ಲಿ ಬರೆದು ಒಪ್ಪಿಕೊಂಡರು. 2003ರ ‘ದಿ ಫಾಗ್ ಆಫ್ ವಾರ್’ ಚಿತ್ರದಲ್ಲಿ ಟೋಕಿಯೋದ ಆ ರಾತ್ರಿಯ ಬಗೆಗೂ ಮಾತನಾಡಿದರು. 2009ರಲ್ಲಿ ಅವರು ನಿಧನರಾದರು.

ಹಾಗೆಂದು ಲೆಕ್ಕವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಹಾಗೆ ಮಾಡಿದರೆ ನಮ್ಮ ಅನ್ನಕ್ಕೇ ನಾವು ದ್ರೋಹ ಬಗೆದಂತೆ. ಪುಸ್ತಕವೇ ಇಲ್ಲದ ಕಾರ್ಖಾನೆಯಲ್ಲಿ ಆ ಹತ್ತು ಮಂದಿ ಪುಸ್ತಕ ತೆರೆಯದಿದ್ದರೆ ಸಾವಿರಾರು ಕಾರ್ಮಿಕರ ಒಲೆ ಆರುವ ಸಂಭವವಿತ್ತು. ಒಂದು ಕ್ಷೇತ್ರ ಬಿಟ್ಟು ಇನ್ನೊಂದಕ್ಕೆ ಹೋಗುವವರು, ನಮ್ಮ ಮಕ್ಕಳೂ ಸೇರಿದಂತೆ, ಅವರಿಂದ ಕಲಿಯಬೇಕಾದ್ದು ಇಷ್ಟು: ಹಳೆಯ ಜಾಗದ ಪ್ರಶ್ನೆಗಳನ್ನು ಧಾರಾಳವಾಗಿ ಒಯ್ಯಬಹುದು, ಹಳೆಯ ಉತ್ತರಗಳನ್ನು ಒಯ್ಯಬಾರದು. ಉತ್ತರವನ್ನು ಹೊಸ ಜಾಗದಲ್ಲಿ ದುಡಿಯುತ್ತಿರುವ ಕೈಗಳನ್ನೇ ಕೇಳಬೇಕು.