ಅಶರೀರವಾಣಿಯ ಹೆಸರು: ಬಾನುಲಿ ಉದ್ಘೋಷಕರ ವೃತ್ತಿಜೀವನವೂ ಇತಿಹಾಸ ರಚನೆಯೂ

ನಮ್ಮ ಪ್ರಾಚೀನ ಕಾವ್ಯ ಶಾಸನಗಳು ವಿದ್ವತ್ಸಭೆಯನ್ನು ವರ್ಣಿಸುವಾಗ ಕವಿ, ಗಮಕಿ, ವಾದಿ, ವಾಗ್ಮಿ ಎಂಬ ನಾಲ್ವರನ್ನು ಒಟ್ಟಿಗೆ ಹೇಳುತ್ತವೆ. ಈ ನಾಲ್ವರಲ್ಲಿ ಕವಿಯ ಕೃತಿ ಓಲೆಗರಿಯಲ್ಲಿ ಉಳಿದು ಬಂದಿತು. ಗಮಕಿಯ ಕಂಠ ಉಳಿಯಲಿಲ್ಲ. ಕುಮಾರವ್ಯಾಸ ಭಾರತವನ್ನು ಶತಮಾನಗಳ ಕಾಲ ಊರೂರಿನ ಜಗಲಿಗಳಲ್ಲಿ ಓದಿ ಹೇಳಿದವರು ಯಾರು, ಅವರು ಎಲ್ಲಿಂದ ಎಲ್ಲಿಗೆ ಹೋದರು ಎಂಬುದಕ್ಕೆ ಆಧಾರಗಳು ತೀರ ವಿರಳ. ಇಂಥದೇ ಕೊರತೆ ಇಪ್ಪತ್ತನೆಯ ಶತಮಾನದ ಬಾನುಲಿಯ ಇತಿಹಾಸದಲ್ಲಿಯೂ ಕಾಣುತ್ತದೆ. ನಿಲಯಗಳು ಸ್ಥಾಪನೆಯಾದ ದಿನಾಂಕ, ಪ್ರಸಾರಯಂತ್ರಗಳ ಸಾಮರ್ಥ್ಯ, ಸರ್ಕಾರದ ನೀತಿ ಇವೆಲ್ಲ ದಾಖಲೆಯಲ್ಲಿವೆ. ಆದರೆ ಕೇಳುಗರು ಬಾನುಲಿಯೆಂದು ತಿಳಿದದ್ದು ಉದ್ಘೋಷಕರ ಕಂಠವನ್ನು. ಆ ಕಂಠಗಳ ವೃತ್ತಿಜೀವನವನ್ನೇ ಆಧಾರವಾಗಿಟ್ಟುಕೊಂಡು ಬಾನುಲಿಯ ಇತಿಹಾಸವನ್ನು ಓದಲು ಸಾಧ್ಯವೇ ಎಂಬುದನ್ನು ಅಮೀನ್ ಸಯಾನಿ (1932–2024) ಅವರ ನಿದರ್ಶನದ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1

1935ರ ಸೆಪ್ಟೆಂಬರ್ 10ರಂದು ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಸಣ್ಣದೊಂದು ಬಾನುಲಿ ಕೇಂದ್ರವನ್ನು ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಆ ಕೇಂದ್ರದೊಡನೆ ರೂಢಿಗೆ ಬಂದು, ಮುಂದೆ ಇಡೀ ದೇಶದ ಬಾನುಲಿಯ ಹೆಸರಾಯಿತು. 2023ರಲ್ಲಿ ‘ಆಲ್ ಇಂಡಿಯಾ ರೇಡಿಯೊ’ ಎಂಬ ಇಂಗ್ಲಿಷ್ ಹೆಸರನ್ನು ಕೈಬಿಟ್ಟು ಇದೊಂದನ್ನೇ ಬಳಸಬೇಕೆಂಬ ಆದೇಶವೂ ಹೊರಟಿತು. ಈ ಹೆಸರಿನ ಅರ್ಥವನ್ನು ನಾವು ಗಮನಿಸಬೇಕು. ಕಾವ್ಯಗಳಲ್ಲಿ ಆಕಾಶವಾಣಿಯೆಂದರೆ ಅಶರೀರವಾಣಿ. ಅದು ನುಡಿಯುತ್ತದೆ, ಆದರೆ ನುಡಿದವರು ಯಾರೆಂದು ಯಾರೂ ಕೇಳುವುದಿಲ್ಲ. ಸರ್ಕಾರಿ ನಿಲಯದ ಉದ್ಘೋಷಕರ ಸ್ಥಿತಿಯೂ ಬಹುಮಟ್ಟಿಗೆ ಹೀಗೆಯೇ ಇತ್ತು. ಅವರು ಸಾಮಾನ್ಯವಾಗಿ ನಿಲಯದ ಹೆಸರನ್ನು ಹೇಳುತ್ತಿದ್ದರೇ ಹೊರತು ತಮ್ಮ ಹೆಸರನ್ನಲ್ಲ.

ಅಮೆರಿಕದಲ್ಲಿ ಪರಿಸ್ಥಿತಿ ಬೇರೆಯಾಗಿತ್ತು. ಅಲ್ಲಿ ಬಾನುಲಿ ಖಾಸಗಿ ನಿಲಯಗಳ ಪೈಪೋಟಿಯಲ್ಲಿ ಬೆಳೆಯಿತು. ಧ್ವನಿಮುದ್ರಿಕೆಗಳನ್ನು ಹಾಕಿ ನಡುನಡುವೆ ಮಾತನಾಡುವ ‘ಡಿಸ್ಕ್ ಜಾಕಿ’ಯ ಹೆಸರೇ ನಿಲಯದ ಬಂಡವಾಳವಾಯಿತು. ಅಲನ್ ಫ್ರೀಡ್ 1951ರಲ್ಲಿ ಕ್ಲೀವ್‌ಲೆಂಡಿನ ನಿಲಯದಲ್ಲಿ ಕರಿಯ ಕಲಾವಿದರ ಸಂಗೀತವನ್ನು ಪ್ರಚುರಪಡಿಸಿ, 1954ರಲ್ಲಿ ನ್ಯೂಯಾರ್ಕಿಗೆ ಹೋದದ್ದೂ, ಧ್ವನಿಮುದ್ರಿಕೆ ಕಂಪನಿಗಳಿಂದ ಹಣ ಪಡೆದ ವಿವಾದದಲ್ಲಿ 1959ರಲ್ಲಿ ಕೆಲಸ ಕಳೆದುಕೊಂಡದ್ದೂ ಈ ಮಾರುಕಟ್ಟೆಯ ಏಳುಬೀಳುಗಳೇ. ನಮ್ಮಲ್ಲಿ ಇದ್ದುದು ಒಂದೇ ಸರ್ಕಾರಿ ಜಾಲ. ಆದ್ದರಿಂದ ಇಲ್ಲಿ ಉದ್ಘೋಷಕರೊಬ್ಬರ ದನಿ ನಿಲಯ ಬದಲಿಸಬೇಕಾದರೆ ಸಮುದ್ರವನ್ನೇ ದಾಟಬೇಕಾಯಿತು.

2

ಆ ದಾಟುವಿಕೆಗೆ ಕಾರಣ 1952ರ ನೀತಿ. ಆ ವರ್ಷ ವಾರ್ತಾ ಮತ್ತು ಪ್ರಸಾರ ಖಾತೆಯನ್ನು ವಹಿಸಿಕೊಂಡ ಬಿ.ವಿ. ಕೇಸ್ಕರ್ ಅವರು ಶಾಸ್ತ್ರೀಯ ಸಂಗೀತದ ಕಟ್ಟಾ ಅಭಿಮಾನಿಗಳು. ಚಲನಚಿತ್ರಗೀತೆಗಳು ಜನರ ಅಭಿರುಚಿಯನ್ನು ಕೆಡಿಸುತ್ತವೆಂಬುದು ಅವರ ನಂಬಿಕೆ. ಗೀತೆಗಳ ಪಾಲನ್ನು ಕಡಿತಗೊಳಿಸಿದುದಲ್ಲದೆ, ಚಿತ್ರದ ಹೆಸರನ್ನು ಹೇಳುವುದು ಜಾಹೀರಾತಾಗುತ್ತದೆಂದು ಅದನ್ನೂ ನಿಲ್ಲಿಸಲಾಯಿತು. ನಿರ್ಮಾಪಕರು ಗೀತೆಗಳ ಪ್ರಸಾರಕ್ಕೆ ನೀಡಿದ್ದ ಅನುಮತಿಯನ್ನು ಹಿಂತೆಗೆದುಕೊಂಡರು. ಕೆಲವೇ ತಿಂಗಳಲ್ಲಿ ಹಿಂದಿ ಚಿತ್ರಗೀತೆ ಭಾರತದ ಬಾನುಲಿಯಿಂದ ಬಹುತೇಕ ಮರೆಯಾಯಿತು.

ಇದೇ ವೇಳೆಗೆ ಕೊಲಂಬೊದಲ್ಲಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಮಿತ್ರರಾಷ್ಟ್ರಗಳ ಸೇನೆಗಾಗಿ ಏರ್ಪಟ್ಟಿದ್ದ ಬಾನುಲಿ ವ್ಯವಸ್ಥೆ ಸಿಲೋನ್ ಸರ್ಕಾರದ ಕೈಗೆ ಬಂದಿತ್ತು. ಸೈನಿಕರಿಗಾಗಿ ನಿರ್ಮಿಸಿದ ಪ್ರಬಲ ಪ್ರಸಾರಯಂತ್ರ ಹ್ರಸ್ವತರಂಗಗಳ ಮೂಲಕ ಇಡೀ ಉಪಖಂಡವನ್ನು ಮುಟ್ಟುತ್ತಿತ್ತು. ಹ್ರಸ್ವತರಂಗವು ಮೇಲಿನ ಅಯಾನುಮಂಡಲಕ್ಕೆ ತಾಗಿ ಹಿಂದಿರುಗಿ ದೂರದ ನೆಲವನ್ನು ತಲುಪುತ್ತದೆ. ದನಿ ಅಲೆಯಂತೆ ಏರಿ ಇಳಿಯುತ್ತಿದ್ದುದು ಅದರಿಂದಲೇ. ಬುಧವಾರ ರಾತ್ರಿ ಎಂಟಕ್ಕೆ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸುತ್ತ ಆ ದನಿಯನ್ನು ಹಿಡಿದಿಡಲು ಹಿರಿಯರು ಪಡುತ್ತಿದ್ದ ಪಾಡು ನಮ್ಮ ಬಾಲ್ಯದ ನೆನಪುಗಳಲ್ಲೊಂದು.

3

ಸಯಾನಿಯವರು ಮುಂಬಯಿಯ ಗುಜರಾತಿ ಮನೆಮಾತಿನ ಕುಟುಂಬದಿಂದ ಬಂದವರು. ತಾಯಿ ಕುಲ್ಸುಮ್ ಸಯಾನಿಯವರು ಗಾಂಧೀಜಿಯವರ ಪ್ರೇರಣೆಯಿಂದ ‘ರಹಬರ್’ ಎಂಬ ಪತ್ರಿಕೆಯನ್ನು ನವಸಾಕ್ಷರರಿಗಾಗಿ ನಡೆಸುತ್ತಿದ್ದರು. ಸರಳ ಹಿಂದೂಸ್ತಾನಿಯ ಒಂದೇ ಪಾಠ ನಾಗರಿ, ಉರ್ದು, ಗುಜರಾತಿ ಲಿಪಿಗಳಲ್ಲಿ ಅಚ್ಚಾಗುತ್ತಿತ್ತು. ಆ ಕೆಲಸದಲ್ಲಿ ಮಗನೂ ನೆರವಾದನು. ಅಣ್ಣ ಹಮೀದ್ ಸಯಾನಿ ಇಂಗ್ಲಿಷ್ ಪ್ರಸಾರದಲ್ಲಿ ಹೆಸರಾದವರು; ಅಮೀನ್ ಅವರನ್ನು ಬಾಲ್ಯದಲ್ಲಿಯೇ ಮುಂಬಯಿ ನಿಲಯಕ್ಕೆ ಕರೆದೊಯ್ದವರೂ ಅವರೇ. ಹಿಂದಿ ಉದ್ಘೋಷಕರ ಪರೀಕ್ಷೆಯಲ್ಲಿ ತಮ್ಮ ಉಚ್ಚಾರಣೆಗೆ ಗುಜರಾತಿ ಮತ್ತು ಇಂಗ್ಲಿಷಿನ ಛಾಯೆಯಿದೆಯೆಂದು ತಿರಸ್ಕೃತರಾದುದನ್ನು ಸಯಾನಿಯವರು ಮರೆಮಾಚದೆ ಹೇಳಿಕೊಂಡಿದ್ದಾರೆ. ಶುದ್ಧ ಭಾಷೆಯ ಕಸೋಟಿಯಲ್ಲಿ ಸೋತ ಕಂಠವೇ ಮುಂದೆ ಬಹುಜನರ ಹಿಂದೂಸ್ತಾನಿಯ ಮಾದರಿಯಾದುದು ಭಾಷಾಚರಿತ್ರೆಯ ದೃಷ್ಟಿಯಿಂದ ಗಮನಾರ್ಹ.

1952ರ ಡಿಸೆಂಬರ್ 3ರಂದು ‘ಬಿನಾಕಾ ಗೀತಮಾಲಾ’ ರೇಡಿಯೊ ಸಿಲೋನಿನಿಂದ ಮೊದಲ ಬಾರಿಗೆ ಬಿತ್ತರವಾಯಿತು. ಬರೆಯುವುದು, ನಿರೂಪಿಸುವುದು, ಬಂದ ಪತ್ರಗಳನ್ನು ಪರಿಶೀಲಿಸುವುದು ಎಲ್ಲವೂ ಒಬ್ಬನದೇ ಕೆಲಸ. ವಾರಕ್ಕೆ 25 ರೂಪಾಯಿ ಸಂಭಾವನೆ. ಅನುಭವಿಗಳು ಒಪ್ಪದ ಕೆಲಸ ಇಪ್ಪತ್ತರ ತರುಣನಿಗೆ ದೊರೆಯಿತು. ಆರಂಭದಲ್ಲಿ ಅದು ಏಳು ಹಾಡುಗಳನ್ನು ಕೇಳುಗರು ಸರಿಯಾದ ಕ್ರಮದಲ್ಲಿ ಜೋಡಿಸಿ ಕಳುಹಿಸಬೇಕಾದ ಸ್ಪರ್ಧೆ. ಮೊದಲ ಪ್ರಸಾರಕ್ಕೇ 9,000 ಪತ್ರಗಳು ಬಂದವೆಂದೂ, ವರ್ಷದೊಳಗೆ ಅವು ವಾರಕ್ಕೆ 65,000ಕ್ಕೆ ಏರಿದವೆಂದೂ ಸಯಾನಿಯವರು ಹೇಳುತ್ತಿದ್ದರು. ಅಷ್ಟು ಪತ್ರಗಳನ್ನು ತೂಗುವುದು ಅಸಾಧ್ಯವಾದಾಗ ಸ್ಪರ್ಧೆಯನ್ನು ಕೈಬಿಟ್ಟು, ಅಂಗಡಿಗಳಲ್ಲಿ ಧ್ವನಿಮುದ್ರಿಕೆಗಳ ಮಾರಾಟವನ್ನೂ ಶ್ರೋತೃಸಂಘಗಳ ಅಭಿಪ್ರಾಯವನ್ನೂ ಆಧರಿಸಿ ಹಾಡುಗಳಿಗೆ ಸ್ಥಾನ ನೀಡುವ ಕ್ರಮ ಬಂದಿತು. ಆ ಸ್ಥಾನಕ್ಕೆ ಅವರು ಬಳಸಿದ ಮಾತು ‘ಪಾಯ್‌ದಾನ್’, ಎಂದರೆ ಮೆಟ್ಟಿಲು. ಸಂಬೋಧನೆಯಲ್ಲಿ ಸಹೋದರಿಯರನ್ನು ಮೊದಲು, ಸಹೋದರರನ್ನು ಆಮೇಲೆ ಕರೆದರು. ಕುಮಾರವ್ಯಾಸನು ಹಲವು ಸಂಧಿಗಳ ಮೊದಲಿಗೆ ಜನಮೇಜಯನನ್ನು ಕರೆದು ಕಥೆಯ ಎಳೆಯನ್ನು ಹಿಡಿಯುವಂತೆ, ಇಲ್ಲಿಯೂ ಸಂಬೋಧನೆಯೇ ಚದುರಿದ ಕೇಳುಗರನ್ನು ಒಂದು ಸಭೆಯಾಗಿಸಿತು.

ಸಯಾನಿಯವರು ಕೊಲಂಬೊದಲ್ಲಿ ನೆಲೆಸಲಿಲ್ಲವೆಂಬುದು ಮುಖ್ಯ. ಕಾರ್ಯಕ್ರಮ ಮುಂಬಯಿಯಲ್ಲಿ ಮುದ್ರಿತವಾಗಿ, ಸುರುಳಿಗಳು ವಿಮಾನದಲ್ಲಿ ಹೋಗಿ, ದನಿ ಮಾತ್ರ ಸಮುದ್ರದಾಚೆಯಿಂದ ಮರಳಿ ಬರುತ್ತಿತ್ತು. ಗೋಪಾಲ್ ಶರ್ಮಾ ಅವರಂಥ ಉದ್ಘೋಷಕರಾದರೋ ಕೊಲಂಬೊದಲ್ಲಿಯೇ ಇದ್ದು ನಿಲಯದ ದಿನಚರಿಯನ್ನು ನಡೆಸಿದರು. ಒಂದೇ ನಿಲಯದಲ್ಲಿ ಎರಡು ಬಗೆಯ ವೃತ್ತಿಜೀವನಗಳಿದ್ದವು. ಒಂದು ಪ್ರಾಯೋಜಕರದು, ಇನ್ನೊಂದು ನಿಲಯದ್ದು.

4

ಸರ್ಕಾರ ಸೋತು ಕಲಿಯಿತು. 1957ರ ಅಕ್ಟೋಬರ್ 3ರಂದು ‘ವಿವಿಧ ಭಾರತಿ’ ಆರಂಭವಾಗಿ ಚಿತ್ರಗೀತೆ ಮರಳಿತು. 1967ರಲ್ಲಿ ಮುಂಬಯಿ, ಪುಣೆ, ನಾಗಪುರಗಳಿಂದ ಜಾಹೀರಾತು ಪ್ರಸಾರವೂ ಮೊದಲಾಯಿತು. ಆದರೆ ಗೀತಮಾಲಾ ವಿವಿಧ ಭಾರತಿಗೆ ಬಂದದ್ದು 1989ರಲ್ಲಿ. ಆಡಳಿತದ ದಾಖಲೆಯನ್ನು ಮಾತ್ರ ಓದಿದವರು 1952ರ ತಪ್ಪು 1957ರಲ್ಲಿ ಸರಿಹೋಯಿತೆಂದು ಬರೆಯುವರು. ಒಂದು ಕಂಠದ ವೃತ್ತಿಜೀವನವನ್ನು ಹಿಡಿದು ಹೊರಟರೆ, ಆ ದನಿಯ ವಾರದ ಕಾರ್ಯಕ್ರಮ ಸ್ವದೇಶದ ನಿಲಯಕ್ಕೆ ಬರಲು ಮೂವತ್ತಾರು ವರ್ಷಗಳಿಗೂ ಮಿಕ್ಕಿ ಬೇಕಾಯಿತೆಂದು ತಿಳಿಯುತ್ತದೆ. ಹಾಡು ಬೇಗ ಮರಳಿತು, ಹಾಡನ್ನು ಪರಿಚಯಿಸಿದ ದನಿ ತಡವಾಗಿ ಮರಳಿತು. ನೀತಿಯ ಇತಿಹಾಸಕ್ಕೂ ಶ್ರವಣದ ಇತಿಹಾಸಕ್ಕೂ ಇರುವ ಅಂತರ ಇದು.

5

ಸಯಾನಿಯವರ ಹೆಸರು ಉಳಿದದ್ದಕ್ಕೆ ಪ್ರಾಯೋಜಕರ ವ್ಯವಸ್ಥೆ ಒಂದು ಕಾರಣ. ಅವರು ಸ್ವತಃ ತಮ್ಮ ಧ್ವನಿಮುದ್ರಣಗಳನ್ನು ಜೋಪಾನಮಾಡಿದ್ದು ಇನ್ನೊಂದು ಕಾರಣ. ಈ ಎರಡೂ ಇಲ್ಲದವರ ಗತಿಯೇನು ಎಂಬುದು ಹೊರನಾಡಿನಲ್ಲಿರುವ ನಮಗೆ ಹತ್ತಿರದ ಪ್ರಶ್ನೆ. ಹಲವು ದಶಕಗಳ ಕಾಲ ಕನ್ನಡನಾಡು ರಾಷ್ಟ್ರದ ಸುದ್ದಿಯನ್ನು ಕೇಳಿದ್ದು ದೆಹಲಿಯಿಂದ ಬಿತ್ತರವಾಗುತ್ತಿದ್ದ ಕನ್ನಡ ವಾರ್ತೆಯ ಮೂಲಕ. ಇಂಗ್ಲಿಷಿನಲ್ಲಿ ಬಂದ ಸುದ್ದಿಯನ್ನು ಗಡಿಯಾರದ ಮುಳ್ಳಿನೆದುರು ಕನ್ನಡಿಸಿ ಓದಿದ ಆ ಹೊರನಾಡ ಕನ್ನಡಿಗರು, ಮೈಸೂರು ಧಾರವಾಡ ಮಂಗಳೂರುಗಳ ಉಚ್ಚಾರಣೆಗಳ ನಡುವೆ ಎಲ್ಲರಿಗೂ ಸಲ್ಲುವ ಒಂದು ನುಡಿಯನ್ನು ರೂಢಿಸಿದರು. ಅವರು ದಿನವೂ ತಮ್ಮ ಹೆಸರನ್ನು ಹೇಳಿಯೇ ಓದಿದರು. ಆ ಹೆಸರುಗಳು ಹಿರಿಯರ ನೆನಪಿನಲ್ಲಿವೆ. ನಮ್ಮ ಸಾಹಿತ್ಯಚರಿತ್ರೆ, ಭಾಷಾಚರಿತ್ರೆಗಳ ಸೂಚಿಗಳಲ್ಲಿ ಅವಕ್ಕೆ ಸ್ಥಳ ದೊರೆತಿಲ್ಲ.

ಆದ್ದರಿಂದ ನಮ್ಮ ಸೂಚನೆ ಇಷ್ಟು. ಹೊರನಾಡಿನ ಕನ್ನಡ ವಿಭಾಗಗಳು ತಮ್ಮ ತಮ್ಮ ನಗರದಲ್ಲಿ ದುಡಿದ ಬಾನುಲಿ ಕಲಾವಿದರ ನೇಮಕ, ವರ್ಗಾವಣೆ, ನಿವೃತ್ತಿಗಳ ವಿವರವನ್ನೂ, ಮನೆಗಳಲ್ಲಿ ಉಳಿದಿರುವ ವಾರ್ತಾಪ್ರತಿ, ಪತ್ರ, ಸುರುಳಿಗಳನ್ನೂ ಸಂಗ್ರಹಿಸಬೇಕು. ಕೇಳಿದವರ ನೆನಪನ್ನು ದಿನಾಂಕದೊಡನೆ ಬರೆದಿಡಬೇಕು. ಗಮಕಿಗಳ ವಿಷಯದಲ್ಲಿ ನಾವು ಹುಟ್ಟುವ ಮೊದಲೇ ಕಾಲ ಮಿಂಚಿತ್ತು. ಇವರ ವಿಷಯದಲ್ಲಿ ಕೇಳಿದ ಕಿವಿಗಳು ಇನ್ನೂ ನಮ್ಮ ನಡುವೆ ಇವೆ.