ಗಿರಣಿ ಮೊದಲು, ಸಂಘ ಆಮೇಲೆ: ಮೈಸೂರು ಸಂಸ್ಥಾನದ ಸುಧಾರಣೆ ಮತ್ತು ಕೂಲಿಕಾರರು

ಕೈಗಾರಿಕೆ ಬೆಳೆದ ಕಾಲದ ಸುಧಾರಣೆ ಅಂದಕೂಡಲೇ ನಾವೆಲ್ಲ ‘ಮಾದರಿ ಮೈಸೂರು’ ಅಂತೀವಿ. ಆ ಮಾತನ್ನು ನಾನು ತಳ್ಳಿಹಾಕುತ್ತಿಲ್ಲ. ಆ ಸುಧಾರಣೆ ಯಾರವರೆಗೆ ತಲುಪಿತು, ಯಾರ ಮುಂದೆ ನಿಂತುಹೋಯಿತು ಅನ್ನೋದು ನನ್ನ ಪ್ರಶ್ನೆ.

ಮೊದಲು ಸಾಧನೆ ನೋಡೋಣ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆ ಶುರುವಾಯಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 92 ಮೈಲಿ ದಾಟಿ ಕೋಲಾರದ ಚಿನ್ನದ ಗಣಿ ಮುಟ್ಟಿತು. ಬೆಂಗಳೂರಿಗೆ ಅದು ಬಂದದ್ದು 1905ರಲ್ಲಿ, ಅಂದರೆ ಊರಿಗಿಂತ ಮೊದಲು ಗಣಿಗೆ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1913ರಲ್ಲಿ ಮೈಸೂರು ಬ್ಯಾಂಕು, 1916ರಲ್ಲಿ ವಿಶ್ವವಿದ್ಯಾನಿಲಯ ಬಂದವು.

ಇದೇ ಹೊತ್ತಿಗೆ ಬ್ರಾಹ್ಮಣೇತರರ ಪ್ರಶ್ನೆಯೂ ಎದ್ದಿತು. 1917ರಲ್ಲಿ ಪ್ರಜಾಮಿತ್ರ ಮಂಡಳಿ ಹುಟ್ಟಿತು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮಿಲ್ಲರ್ ಸಮಿತಿ ನೇಮಿಸಿದರು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲು ಹಿಂದುಳಿದವರಿಗೆ ಸಿಗಬೇಕು ಅಂತ ಸಮಿತಿ ಹೇಳಿತು. ಈ ನೀತಿಯನ್ನು ಒಪ್ಪದ ವಿಶ್ವೇಶ್ವರಯ್ಯನವರು 1918ರ ಕೊನೆಗೆ ದಿವಾನಗಿರಿ ಬಿಟ್ಟರು. ಕಾರ್ಖಾನೆ ಕಟ್ಟೋದೂ ಸುಧಾರಣೆ, ಕಚೇರಿಯ ಬಾಗಿಲು ತೆರೆಯೋದೂ ಸುಧಾರಣೆ. ಇವೆರಡೂ ಒಂದೇ ಅಲ್ಲ ಅಂತ ಈ ಘಟನೆ ತೋರಿಸಿಕೊಟ್ಟಿತು.

ಈ ಎರಡರಲ್ಲೂ ಕೂಲಿಕಾರ ಎಲ್ಲಿ? ಕೋಲಾರದ ಗಣಿಗೆ ಇಳಿದವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟಿನ ಕಡೆಯಿಂದ ಬಂದ ತಮಿಳು ದಲಿತರು. ಪ್ರಜಾಪ್ರತಿನಿಧಿ ಸಭೆಯ ಮತದ ಹಕ್ಕು ಮುಖ್ಯವಾಗಿ ಕಂದಾಯ ಮತ್ತು ಓದಿನ ಮೇಲೆ ನಿಂತಿತ್ತು. ಭೂಮಿಯಿಲ್ಲದವರಿಗೆ ಅಲ್ಲಿ ಜಾಗ ಎಲ್ಲಿಂದ ಬರಬೇಕು? 1930ರಲ್ಲಿ ಬೆರಳಚ್ಚು ತೆಗೆದುಕೊಳ್ಳುವ ನೋಂದಣಿ ಕ್ರಮ ಬಂದಾಗ ಅವರು ಕೆಲಸ ನಿಲ್ಲಿಸಿದರು. ನಾವೇನು ಕಳ್ಳರಾ ಅನ್ನೋದು ಆ ಮುಷ್ಕರದ ಒಳಗಿದ್ದ ಪ್ರಶ್ನೆ ಅಂತ ನಾನು ಓದಿಕೊಳ್ಳುತ್ತೇನೆ. ಅದು ಕೂಲಿಯಷ್ಟೇ ಮರ್ಯಾದೆಯ ವಿಷಯವೂ ಆಗಿತ್ತು.

ಇನ್ನೊಂದು ಹೋಲಿಕೆ ಇದನ್ನು ಸ್ಪಷ್ಟಪಡಿಸುತ್ತದೆ. ಬಿನ್ನಿ ಕಂಪನಿಗೆ ಮದ್ರಾಸಿನಲ್ಲೂ ಬೆಂಗಳೂರಿನಲ್ಲೂ ಗಿರಣಿಗಳಿದ್ದವು. ಮದ್ರಾಸಿನ ಗಿರಣಿಯ ಕೆಲಸಗಾರರು 1918ರಲ್ಲಿ ಬಿ.ಪಿ. ವಾಡಿಯಾ ಅವರ ಜೊತೆ ಮದ್ರಾಸ್ ಕಾರ್ಮಿಕ ಸಂಘ ಕಟ್ಟಿದರು. ಕಂಪನಿ ಹೈಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದಿತು. ಆ ಕಹಿಯೇ 1926ರ ಕಾರ್ಮಿಕ ಸಂಘಗಳ ಕಾಯ್ದೆಗೆ ಒಂದು ಕಾರಣವಾಯಿತು. ಆದರೆ ಅದು ಬ್ರಿಟಿಷ್ ಇಂಡಿಯಾದ ಕಾಯ್ದೆ, ಸಂಸ್ಥಾನಕ್ಕೆ ಅನ್ವಯಿಸಲಿಲ್ಲ. ಕಂಪನಿ ಅದೇ, ಕೆಲಸವೂ ಅದೇ. ಬೆಂಗಳೂರಿನವರು ಮಾತ್ರ 1941ರ ತುರ್ತು ಕಾನೂನು, 1942ರ ಮೈಸೂರು ಕಾರ್ಮಿಕ ಕಾಯ್ದೆ ಬರೋವರೆಗೆ, ಅಂದರೆ ಹದಿನೈದು ವರ್ಷ, ಕಾಯಬೇಕಾಯಿತು.

ಹಾಗಾದರೆ ಕಾಯ್ದೆ ಇದ್ದ ಕಡೆ ಎಲ್ಲ ಸರಿಯಿತ್ತಾ? ಇಲ್ಲಿ ನಮ್ಮ ಕಡೆಯದನ್ನೂ ಹೇಳಬೇಕು. ಹಾಲಹರವಿ, ಆಲೂರು, ಆದೋನಿ 1953ರ ಅಕ್ಟೋಬರ್ 1ರಂದು ಆಂಧ್ರಕ್ಕೆ ಸೇರೋವರೆಗೆ ಮದ್ರಾಸ್ ಆಡಳಿತದ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಅಂದರೆ 1926ರ ಕಾಯ್ದೆ ನಮ್ಮ ಸೀಮೆಗೂ ಬಂದಿತ್ತು. ಆದೋನಿ ಹತ್ತಿ ವ್ಯಾಪಾರದ ಊರು. ಆದರೆ ಜಿನ್ನಿಂಗ್ ಅನ್ನೋದು ಸುಗ್ಗಿಯ ಕೆಲಸ. ಹತ್ತಿ ಮುಗಿದರೆ ಯಂತ್ರ ನಿಲ್ಲುತ್ತೆ, ಕೂಲಿಯವರು ತಮ್ಮ ತಮ್ಮ ಹಳ್ಳಿಗೆ ಹೋಗುತ್ತಾರೆ. ವರ್ಷವಿಡೀ ಒಂದೇ ಕಡೆ ಸೇರದವರಿಗೆ ಸಂಘ ಕಟ್ಟೋದು ಸುಲಭವಲ್ಲ. ಮೈಸೂರಿನಲ್ಲಿ ಜನ ಸೇರಿದ್ದರು, ಕಾಯ್ದೆ ಇರಲಿಲ್ಲ. ನಮ್ಮಲ್ಲಿ ಕಾಯ್ದೆ ಇತ್ತು, ಜನ ಚದುರಿದ್ದರು.

ಕನ್ನಡದಲ್ಲಿ ಅ.ನ.ಕೃ. ಅವರ ಮುಂದಾಳತ್ವದಲ್ಲಿ ಪ್ರಗತಿಶೀಲ ಚಳವಳಿ ಎದ್ದದ್ದೂ 1940ರ ದಶಕದಲ್ಲೇ. ಸಾಹಿತ್ಯವನ್ನೂ ಕಾನೂನನ್ನೂ ಒಟ್ಟಿಗಿಟ್ಟು ಓದಿದರೆ, ಕೂಲಿಕಾರ ‘ಪ್ರಜೆ’ಯಾಗಿ ಕಾಣಿಸಿಕೊಳ್ಳಲು ಎರಡು ಕಡೆಯೂ ಎಷ್ಟು ತಡವಾಯಿತು ಅಂತ ತಿಳಿಯುತ್ತೆ.

ಒಟ್ಟಿನಲ್ಲಿ, ಮೈಸೂರಿನ ಸುಧಾರಣೆ ಸುಳ್ಳಲ್ಲ. ಶಾಲೆ, ಬ್ಯಾಂಕು, ಮೀಸಲಾತಿ ಎಲ್ಲ ನಿಜವೇ. ಆದರೆ ಅದು ಕೊಡಲು ಸಿದ್ಧವಿದ್ದ ಸುಧಾರಣೆ; ಕೇಳಿಸಿಕೊಳ್ಳಲು ಅಷ್ಟು ಬೇಗ ಸಿದ್ಧವಾಗಲಿಲ್ಲ. ‘ಮಾದರಿ’ ಅನ್ನುವಾಗ ಗಣಿಗೆ ದೀಪ ಬಂದ 1902ನ್ನೂ ಸಂಘಕ್ಕೆ ಕಾನೂನು ಬಂದ 1941ನ್ನೂ ಪಕ್ಕಪಕ್ಕ ಬರೆದುಕೊಳ್ಳಬೇಕು ಅನ್ನೋದು ನನ್ನ ವಿನಂತಿ. ಇನ್ನು ಚರ್ಚೆಗೆ ಬಿಡುತ್ತೇನೆ.